ಅರ್ಧ ತಾಸು

ಮೂಗಿಗೆ ಹೊಡೆದ ಔಷಧ ಶರಣುವಿನ ಉಸಿರನ್ನು ವಾಪಸ್ಸು ತಂದಿತ್ತು. ನೋವಿನ ಗುಳಿಗೆಯ ನಶೆಗೆ ಬಿದ್ದ ಮಗನ ನೀಲಿಗಟ್ಟಿದ ತುಟಿ ತುಸು ಕೆಂಪಾದದ್ದನ್ನು ಕಂಡು ಸರೋಜವ್ವ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸರ್ಕಾರದಿಂದ ಬಂದ ಆ ಔಷಧವನ್ನು ಗುಟ್ಟಾಗಿ ಕೊಟ್ಟುಹೋಗಿದ್ದ ಆಶಾ ಕಾರ್ಯಕರ್ತೆ ದಿಲ್ಶಾದ ಮೂರು ಸಲ ಹೇಳಿದ್ದಳು: "ಅಕ್ಕಾರ, ಇದರ ಜೋರ ಅರ್ಧ ತಾಸ ಅಷ್ಟರಿ. ಆಮ್ಯಾಲ ಉಸಿರು ಮತ್ತ ನಿಂತೀತು. ದವಾಖಾನಿಗೆ ಒಯ್ಯಾಕ ಬೇಕು."

ಆದರೆ ದವಾಖಾನೆಗೆ ಪಡಸಾಲೆಯನ್ನು ಹಾದೇ ಹೋಗಬೇಕು. ಅಲ್ಲಿ ಮಗಳು ನೀಲಾಂಬಿಕಾಳನ್ನು ನೋಡಲು ಹಿರೇಕೆರೂರಿನಿಂದ ಬಂದ ಗಂಡಿನ ಕಡೆಯವರು ಕೂತಿದ್ದರು. ಶರಣು ಹುಬ್ಬಳ್ಳಿಗೆ ಹೋಗಿದ್ದಾನೆಂದು ಅವರಿಗೆ ಹೇಳಿಯಾಗಿತ್ತು. "ಅವರು ಎದ್ದು ಹೋಗೂತನಕ ತಡಿಯವಾ," ಎಂದಳು ಸರೋಜವ್ವ, ಅವಲಕ್ಕಿ ತಾಟು ಹಿಡಿದು ನಿಂತ ಮಗಳಿಗೆ. "ನಿನ್ನ ಬಾಳೇದ ಮಾತದು."

ನೀಲಾಂಬಿಕಾ ಗಡಿಯಾರ ನೋಡಿದಳು. ಔಷಧ ಹೊಡೆದು ಆಗಲೇ ಹತ್ತು ನಿಮಿಷವಾಗಿತ್ತು. ತಾಟನ್ನು ನೆಲಕ್ಕಿಟ್ಟು ಪರದೆ ಸರಿಸಿದಳು. ಕೇಳಿದ್ದಕ್ಕಷ್ಟೇ ತಲೆತಗ್ಗಿಸಿ ಉತ್ತರ ಕೊಡಬೇಕಾದವಳು ನೇರ ವರನ ಮುಖವನ್ನೇ ನೋಡಿದಳು.

"ಹೊರಗ ನಿಂತದ್ದು ನಿಮ್ಮ ಗಾಡಿ ಹೌದಲ್ರಿ? ನಮ್ಮಣ್ಣನ್ನ ದವಾಖಾನಿಗೆ ಒಯ್ಯಬೇಕು. ಏಳ್ರಿ."