ಮುಂಬಯಿ ಚಂದ್ರೋದಯ 9.20

ಅಂಧೇರಿಯ ವಿಮಾನ ನಿಲ್ದಾಣದಲ್ಲಿ ಕೂತ ಅಪ್ಪಿ ಮತ್ತೊಮ್ಮೆ ಬೆರಳು ಮಡಚಿದಳು. ಮಧ್ಯಾಹ್ನ ಒಂದಕ್ಕೆ ಹೊರಟರೆ ಸಂಜೆ ಆರೂವರೆಗೆ ಲಂಡನ್. ಐದೂವರೆ ಗಂಟೆಯ ದಾರಿ. ಅಲ್ಲಿಳಿದು ಒಂಬತ್ತು ಇಪ್ಪತ್ತಕ್ಕೆ ಚಂದ್ರನನ್ನು ನೋಡಿ ಸಂಕಷ್ಟಿಯ ಉಪವಾಸ ಬಿಟ್ಟರಾಯಿತು. ಚಂದ್ರೋದಯದ ಸಮಯವಿದ್ದ ಕ್ಯಾಲೆಂಡರ್ ಹಾಳೆಯನ್ನೇ ಹರಿದು ತಂದಿದ್ದಳು.

“ಐದೂವರೆ ಅಲ್ಲ ಅಮ್ಮಾ, ಹತ್ತು ಗಂಟೆ,” ಎಂದಳು ಮಗಳು ಶ್ರೇಯಾ. “ಅಲ್ಲಿ ಟೈಮ್ ನಾಲ್ಕೂವರೆ ಗಂಟೆ ಹಿಂದೆ. ಚಂದ್ರ ಬರೋದು ಅಲ್ಲಿಯ ಹನ್ನೊಂದಕ್ಕೆ. ಮತ್ಲಬ್, ಇಲ್ಲಿ ರಾತ್ರಿ ಸಾಡೇ ತೀನ್, ಮೂರೂವರೆ.”

“ಹಾಗಾದ್ರೆ ಇಲ್ಲಿ ಒಂಬತ್ತು ಇಪ್ಪತ್ತಾಗುವಾಗ ನಾವು ಎಲ್ಲಿರ್ತೇವೆ?”

“ಪ್ಲೇನಲ್ಲಿ. ಹೊರಗೆ ಬಿಸಿಲು ಇರ್ತದೆ.”

ಅಪ್ಪಿಗೆ ತಲೆಬುಡ ತಿಳಿಯಲಿಲ್ಲ. ಚಂದ್ರ ಹುಟ್ಟುವ ಹೊತ್ತಿಗೆ ಬಿಸಿಲೇ? ಗಂಡನ ಬೈಪಾಸ್ ಆದಾಗ ಹರಕೆ ಹೊತ್ತ ಇಪ್ಪತ್ತೊಂದು ಸಂಕಷ್ಟಿಗಳಲ್ಲಿ ಇದು ಕೊನೆಯದು. ತಪ್ಪು ಹೊತ್ತಿನಲ್ಲಿ ಬಾಯಿಗೆ ತುತ್ತಿಟ್ಟರೆ ಹಿಂದಿನ ಇಪ್ಪತ್ತೂ ನೀರುಪಾಲು.

ಚೆಂಬೂರಿನ ತಮ್ಮ ಹೋಟೆಲಿಗೆ ಫೋನ್ ಮಾಡಿದಳು. ಅವಳ ಉಪವಾಸಗಳನ್ನು ಗೇಲಿ ಮಾಡುತ್ತಲೇ ಬಂದ ಗಂಡ ಶೇಖರ ಆಗಷ್ಟೇ ಊಟಕ್ಕೆ ಕೂತಿದ್ದ.

“ಓಯ್, ರಾತ್ರಿ ಟೆರೇಸಿಗೆ ಹೋಗಿ ಚಂದ್ರನನ್ನು ನೀವು ನೋಡಿ. ನೀವು ನೋಡಿದ್ರೆ ನಾನು ನೋಡಿದ ಹಾಗೇ ಅಲ್ವಾ? ಆಗ ನಾನು ವಿಮಾನದಲ್ಲಿ ತಿನ್ತೇನೆ.”



“ಉಪವಾಸ ಇದ್ದವರೇ ನೋಡ್ಬೇಕಲ್ವಾ ಮಾರಾಯ್ತಿ?”

“ನಂಗೊಂದೂ ಗೊತ್ತಾಗುವುದಿಲ್ಲ.”

ಬಡಿಸಿದ ತಟ್ಟೆಯನ್ನು ಮೇಜಿನ ಮೇಲೆ ದೂರ ತಳ್ಳಿದ ಸದ್ದು ಅವಳಿಗೆ ಕೇಳಿಸಿತು.