ಅಮ್ಮನ ಬಿಸಿಮುದ್ದೆ

ಬಿಸಿಮುದ್ದೆಯ ಹಬೆ ಮೂಗಿಗೆ ಬಡಿದರೆ ಇವತ್ತಿಗೂ ನಮ್ಮೂರು ಕೈಲಾಂಚದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಊರಿಗೆಲ್ಲ ಡಾಕ್ಟರು. ಊಟದ ಹೊತ್ತಲ್ಲಿ ಯಾರು ಕೂಗಿದರೂ ಕೈ ತೊಳೆದು ಎದ್ದುಬಿಡುತ್ತಿದ್ದಳು. ತಟ್ಟೆಯಲ್ಲಿ ಮುದ್ದೆ ಕಲ್ಲಾಗುತ್ತಿತ್ತು. ಆ ಮಧ್ಯಾಹ್ನದ ಹಿಂದಿನ ದಿನವಂತೂ ಯಾರಿಗೋ ಔಷಧಿ ಚೀಟಿ ಬರೆಯುತ್ತ ಸುಮ್ಮಸುಮ್ಮನೆ ಅತ್ತಿದ್ದಳು.

ಅವತ್ತು ಅಜ್ಜಿ ಮುದ್ದೆ ಬಡಿಸಿ, ಅಮ್ಮ ಉಣ್ಣಲು ಕೂತಿದ್ದಳಷ್ಟೆ, ಜಗಲಿಯಿಂದ ಮುದುಕಿಯೊಬ್ಬಳು ಕೂಗಿದಳು: "ಡಾಕ್ಟ್ರವ್ವಾ, ಒಸಿ ಬಂದು ನೋಡ್ಬುಡಿ."

ಅಮ್ಮ ಕೂತಲ್ಲಿಂದಲೇ ಕೇಳಿದಳು: "ಉಸಿರು ಕಟ್ತಾ ಐತಾ? ರಕ್ತ ಸೋರ್ತಾ ಐತಾ?"

"ಇಲ್ಲ ಕಣವ್ವ, ಮಂಡಿನೋವು."

"ಹಂಗಾದ್ರೆ ಕೂತ್ಕಳಿ. ಉಂಡು ಬತ್ತೀನಿ."

ಅಜ್ಜಿ ಗದರಿದಳು: "ಡಾಕ್ಟರಾದೋರು ಹಿಂಗಂತಾರಾ? ಜನ ಏನಂದಾರು?"

"ಅನ್ಲಿ ಬುಡಿ ಅತ್ತೆ."

ಜಗಲಿಯಿಂದ ಮುದುಕಿಯ ದನಿ ಬಂತು: "ನಿಧಾನಕ್ಕೆ ಉಣ್ಣವ್ವ, ನಾನೇನು ಈಗ್ಲೇ ಸಾಯಾಕಿಲ್ಲ."

ಅಮ್ಮ ಅಜ್ಜಿಯತ್ತ ತಟ್ಟೆ ಚಾಚಿದಳು: "ಇನ್ನೊಂದು ಮುದ್ದೆ ಹಾಕಿ."