ತಪ್ಪು ಹುಡುಕುವ ಗಿರಾಕಿ

ಆ ಮನುಷ್ಯ ಇವತ್ತೂ ಬಂದ. ಕಿಟಕಿ ಪಕ್ಕದ ಉದ್ದ ಊಟದ ಹಲಗೆಯ ಮುಂದೆ ಕೂತು, ಎಂದಿನಂತೆ ಎಡಗೈಯನ್ನು ಹಲಗೆಯ ಕೆಳಗೆ ತೂರಿಸಿ ಬೆರಳಾಡಿಸತೊಡಗಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ದಾನವ್ವನಿಗೆ ಮೈ ಉರಿಯಿತು. ಕೊಳೆ ಹುಡುಕುತ್ತಿದ್ದಾನೆ! ಮೇಲಿನದು ಸಾಲದೆಂದು ಕೆಳಗಿನದನ್ನೂ ನೋಡಿಕೊಂಡು ಹೋಗಿ ಶೇಠನಿಗೆ ವರದಿ ಒಪ್ಪಿಸಬೇಕಲ್ಲ.

ಮುಂಬಯಿಯ ಗ್ರಾಂಟ್ ರೋಡಿನ ಚಾಳಿನ ಕೆಳಗಿನ ಈ ಕೋಣೆಯೇ ಅವಳ ಖಾನಾವಳಿ. ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯೂ ಅದೇ. ಗಂಡ ತೀರಿಕೊಂಡ ಮೇಲೆ ಬಿಜಾಪುರಕ್ಕೆ ಹಿಂದಿರುಗೋಣವೆಂದರೆ ಅಲ್ಲಿ ಯಾರೂ ಉಳಿದಿರಲಿಲ್ಲ. ದಾನವ್ವನಿಗೆ ರೊಟ್ಟಿ ಬಡಿಯುವುದು ಗೊತ್ತಿತ್ತು. ಖಾನಾವಳಿ ನಡೆಸುವುದು ಗೊತ್ತಿರಲಿಲ್ಲ. ಎರಡೂ ಒಂದೇ ಎಂದುಕೊಂಡು ಶುರುಮಾಡಿದ್ದಳು. ಶ್ರಾವಣದ ಹೊತ್ತಿಗೆ ಬೆಂಚಿನ ಮೇಲೆ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚಾದವು.

ಚಾಳಿನ ಮಾಲೀಕ ಶೇಠ್ ಒಂದೇ ಮಾತು ಹೇಳಿ ಕಳಿಸಿದ್ದ. ನಿನಗಿಂತ ಮೊದಲು ಇಲ್ಲಿದ್ದ ಖಾನಾವಳಿಯೂ ಹೀಗೇ ಖಾಲಿಯಾಗಿ ಮುಚ್ಚಿತು. ದಸರೆಯೊಳಗೆ ಬೆಂಚು ತುಂಬದಿದ್ದರೆ ಕೋಣೆ ಚಹಾದಂಗಡಿಯವನಿಗೆ. ನನ್ನ ಮನುಷ್ಯ ಬಂದು ನೋಡುತ್ತಾನೆ.

ಅದಾಗಿ ಮೂರನೆಯ ದಿನಕ್ಕೆ ಇವನು ಬಂದಿದ್ದ. ತಿಂಗಳ ಗಿರಾಕಿ ಎಂದ. ಹೆಸರು ಕೇಳಿದರೆ ಶಂಕ್ರೆಪ್ಪ ಎಂದ, ಊರು ಹೇಳಲಿಲ್ಲ. ಹೊಸಬರೆಲ್ಲ ಮೊದಲ ದಿನ ಮೋರಿಗೆ ಕೈ ತೊಳೆಯಲು ಹೋಗುವಾಗ ಬಾಗಿಲಿನ ತಗ್ಗು ತೊಲೆಗೆ ತಲೆ ಬಡಿಸಿಕೊಳ್ಳುವವರೇ. ಇವನು ಮಾತ್ರ ಸಲೀಸಾಗಿ ಬಗ್ಗಿ ಹೋದ. ಕಣ್ಣು ಚುರುಕಿನ ಆಸಾಮಿ, ಶೇಠನ ಮನುಷ್ಯನೇ ಸೈ ಎಂದು ದಾನವ್ವ ಆಗಲೇ ಎಣಿಸಿದಳು.

ಅಂದಿನಿಂದ ದಿನಕ್ಕೊಂದು ತಕರಾರು.

"ರೊಟ್ಟಿ ಆರ್ಯಾವ್ರೀ ಅಕ್ಕಾರ. ಮಂದಿ ಕುಂತ ಮ್ಯಾಲ ಬಡೀರಿ. ಇಲ್ಲಾಂದ್ರ ಎದ್ದು ಹೋಗತಾರ."

"ಗಿರಣಿ ಭೋಂಗಾ ಕೂಗೂದ್ರಾಗ ಪಲ್ಯ ಇಳಿಸಿರಬೇಕ್ರಿ. ಭೋಂಗಾ ಆದಮ್ಯಾಲ ಒಲಿ ಹಚ್ಚಿದ್ರ ಮಂದಿ ನಿಂದ್ರೂದಿಲ್ಲ."

ಒಮ್ಮೆಯಂತೂ ಕೂತಲ್ಲಿಂದಲೇ, "ಎಡಗಡೆ ಒಲಿ ಹೊಗಿ ಬಿಡತೈತಿ. ಹಿಂದಿಂದು ಒಂದು ಇಟ್ಟಂಗಿ ತಗೀರಿ," ಎಂದ. ಅವನು ಒಲೆಯ ಹತ್ತಿರ ಎಂದೂ ಹೋದವನಲ್ಲ. ತಾನಿಲ್ಲದಾಗ ಕದ್ದು ನೋಡಿದ್ದಾನೆಂದು ದಾನವ್ವನಿಗೆ ಖಾತ್ರಿಯಾಯಿತು. ಬೈಯುತ್ತಲೇ ಇಟ್ಟಿಗೆ ತೆಗೆದಳು. ಹೊಗೆ ನಿಂತಿತು.

ಹೆದರಿಕೆ ದೊಡ್ಡ ಮೇಷ್ಟ್ರು. ಅವನು ಹೇಳಿದ್ದನ್ನೆಲ್ಲ ಅವಳು ಹಲ್ಲು ಕಚ್ಚಿಕೊಂಡು ಮಾಡಿದಳು. ಬೆಂಚುಗಳು ಒಂದೊಂದಾಗಿ ತುಂಬಿದವು. ಆದರೂ ಅವನ ಬಾಯಿಂದ ಒಂದು ದಿನವಾದರೂ "ಚಲೋ ಆಗೇತಿ" ಎಂಬ ಮಾತು ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ರಾತ್ರಿ ಮಕ್ಕಳ ಪಕ್ಕ ಮಲಗಿದಾಗ ಫುಟ್‌ಪಾತು ಕಣ್ಣೆದುರು ಬರುತ್ತಿತ್ತು.

ಈಗ ದಸರೆಗೆ ಉಳಿದದ್ದು ಒಂದೇ ದಿನ. ಶಂಕ್ರೆಪ್ಪನ ಪಕ್ಕದಲ್ಲಿ ಯಾರೋ ಬೆಳಗಾವಿಯವನು ಖಾಲಿ ತಾಟಿನ ಮುಂದೆ ಆಗಿನಿಂದ ಕೂತಿದ್ದ. ಅಷ್ಟರಲ್ಲಿ ಟಪಾಲು ಹಂಚುವ ಪರಪ್ಪ ಬಂದ. ಪರಪ್ಪ ಅವಳ ಊರಿನವನು. ದಾನವ್ವ ಬಿಸಿ ರೊಟ್ಟಿಯನ್ನು ನೇರ ಅವನ ತಾಟಿಗೆ ಹಾಕಿದಳು.

"ಅಕ್ಕಾರ, ಇವ್ರು ಮೊದ್ಲ ಬಂದಾರ." ಶಂಕ್ರೆಪ್ಪನ ಧ್ವನಿ ಕೋಣೆಗೆಲ್ಲ ಕೇಳಿತು. "ನಿಮ್ಮೂರವರಿಗೆ ಮೊದ್ಲ, ಉಳದವರಿಗೆ ಆಮ್ಯಾಲ ಅಂದ್ರ ಮಂದಿ ಎದ್ದು ಹೋಗತಾರ. ಖಾನಾವಳಿ ಮುಳುಗೂದ ಇಲ್ಲಿ."

ದಾನವ್ವನ ತಾಳ್ಮೆಯ ಕಟ್ಟೆಯೊಡೆಯಿತು. "ಏಳ್ರಿ! ಸಾಕ ಮಾಡ್ರಿ! ಹೋಗಿ ಹೇಳ್ರಿ ನಿಮ್ಮ ಶೇಠಗ, ದಾನವ್ವಗ ಏನೂ ಬರೂದಿಲ್ಲಂತ. ನನ್ನ ಮಕ್ಕಳನ್ನ ಬೀದಿಗೆ ಹಾಕ್ರಿ!" ಎನ್ನುತ್ತ ಅವನ ಮುಂದಿನ ತಾಟನ್ನೇ ಕಿತ್ತುಕೊಂಡಳು. ಉಣ್ಣುವವನ ತಾಟು ಕಿತ್ತವರು ಅವಳ ಏಳು ತಲೆಮಾರಿನಲ್ಲಿ ಯಾರೂ ಇರಲಿಲ್ಲ.

ಶಂಕ್ರೆಪ್ಪ ಎದ್ದ. ತೊಲೆಯ ಕೆಳಗೆ ಬಗ್ಗಿ ಹೋಗಿ ಕೈ ತೊಳೆದು ಬಂದ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅವ್ರಿಗೆ ಮೊದ್ಲ ನೀಡವ್ವಾ," ಎಂದು ಹೊರಟುಹೋದ.

ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಳಗಾವಿಯವನಿಗೆ ಬಡಿಸಿದಳು. ಇನ್ನೇನು, ಎಲ್ಲ ಮುಗಿಯಿತು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಶೇಠನ ಮುನೀಮ ಕೊಡೆ ಹಿಡಿದು ಬಂದ. ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು ತುಂಬಿದ ಬೆಂಚುಗಳನ್ನು ನೋಡಿದ. "ವಾಹ್ ಬಾಯಿ!" ಎಂದ.

"ನಿಮ್ಮ ಆದ್ಮಿ ಎಲ್ಲಾ ಹೇಳಿರಬೇಕಲ್ರಿ," ಎಂದಳು ದಾನವ್ವ.

"ಕೌನ್ ಆದ್ಮಿ? ಶೇಠ್ ಕಾ ಆದ್ಮಿ ತೋ ಮೈ ಹೂಂ. ಆಜ್ ಹೀ ಆಯಾ."

ಶೇಠನ ಮನುಷ್ಯ ಈ ಮುನೀಮನೇ, ಬಂದದ್ದೂ ಇವತ್ತೇ. ಶೇಠ್ ಬೇರೆ ಯಾರನ್ನೂ ಕಳಿಸಿರಲಿಲ್ಲ. ದಾನವ್ವ ಕಿತ್ತಿಟ್ಟ ತಾಟಿನ ಕಡೆ ನೋಡಿದಳು. ಅರ್ಧ ರೊಟ್ಟಿ ಅದರಲ್ಲಿ ಹಾಗೇ ಇತ್ತು.

ಮುನೀಮ ಖುಷಿಯಲ್ಲಿದ್ದ. ಕೋಣೆ ನಿನ್ನದೇ, ಇನ್ನು ಒಂದು ಬೋರ್ಡು ಹಾಕು ಎಂದ. ಮೊದಲಿದ್ದವನ ಕೈರುಚಿಯೂ ಚೆನ್ನಾಗಿತ್ತಂತೆ. ಆದರೆ ತನ್ನ ಊರಿನವರಿಗೇ ಮೊದಲು ಬಡಿಸುತ್ತಿದ್ದನಂತೆ. ಉಳಿದವರು ಎದ್ದು ಹೋದರು, ಕೊನೆಗೆ ಊರಿನವರೂ ಉಳಿಯಲಿಲ್ಲ. ಬೋರ್ಡಿಗೆ ಬೇರೆ ಹಲಗೆ ಕೊಳ್ಳಬೇಡ, ಅವನದನ್ನೇ ಬೋರಲು ಹಾಕಿಸಿ ಈ ಊಟದ ಹಲಗೆ ಮಾಡಿಸಿದ್ದೇನೆ ಎನ್ನುತ್ತ ಕಿಟಕಿ ಪಕ್ಕದ ಹಲಗೆಯನ್ನು ಕೊಡೆಯಿಂದ ತಟ್ಟಿದ.

ನಾಲ್ಕು ಜನ ಸೇರಿ ಮೊಳೆ ಕಿತ್ತು ಹಲಗೆಯನ್ನು ಮಗುಚಿದರು. ಕೆಳಗೆ ದಪ್ಪ ಅಕ್ಷರಗಳನ್ನು ಕೊರೆದಿತ್ತು. ಅವುಗಳ ಅಂಚುಗಳು ಬೆರಳಾಡಿ ಆಡಿ ನುಣುಪಾಗಿದ್ದವು. ದಾನವ್ವನಿಗೆ ಓದು ಬಾರದು. ಅವಳು ಪರಪ್ಪನ ಮುಖ ನೋಡಿದಳು.

"ಶಂಕ್ರೆಪ್ಪನ ಖಾನಾವಳಿ," ಎಂದು ಪರಪ್ಪ ಓದಿದ.